ಬೇಡದ ಹೊರೆ ತಲೆಗೆ ಬಂದಾಗ ಇಂಗ್ಲಿಷಿನಲ್ಲಿ ಏನನ್ನಬೇಕು? ಬ್ಯಾಗ್, ಬೇಬಿ, ಬಿಳಿ ಆನೆ, ಆಲ್ಬಟ್ರಾಸ್

ಕೆಲವು ವರ್ಷಗಳ ಹಿಂದೆ ನಾನೊಂದು ಇಂಗ್ಲಿಷ್ ಮೇಲ್ ಬರೆದೆ. ನಮ್ಮ ತಂಡದವರೊಬ್ಬರು ಹುಷಾರಿಲ್ಲದೆ ಎರಡು ತಿಂಗಳು ರಜೆಯಲ್ಲಿದ್ದರು. ಅವರ ಅರ್ಧಕ್ಕೆ ನಿಂತ ಕೆಲಸ ನನ್ನ ಪಾಲಿಗೆ ಬಂದಿತ್ತು, ಗಡುವು ಹತ್ತಿರವಿತ್ತು, ಯಾಕೆ ತಡವಾಯಿತು ಅಂತ ಮೇಲಿನವರಿಗೆ ವಿವರಿಸಬೇಕಿತ್ತು. ‘ಐ ವಾಸ್ ಲೆಫ್ಟ್ ಹೋಲ್ಡಿಂಗ್ ದ ಬ್ಯಾಗ್’ ಅಂತ ಬರೆದುಬಿಟ್ಟೆ. ಕೆಲಸ ನನ್ನ ಕೈಗೆ ಬಂತು ಅನ್ನೋದಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು. ಆ ಮೇಲ್‌ನ ಪ್ರತಿ ಅವರಿಗೂ ಹೋಗಿತ್ತು. ರಜೆ ಮುಗಿಸಿ ಬಂದವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ನಾನು ಕೈಕೊಟ್ಟು ಓಡಿಹೋದೆ ಅಂತ ಅನ್ನಿಸಿತಾ ನಿಮಗೆ?’

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ನುಡಿಗಟ್ಟು ಹೇಳೋದು ಅದನ್ನೇ. ಹೊರೆ ನನ್ನ ಮೇಲೆ ಬಿತ್ತು ಅಂತ ಮಾತ್ರ ಅದು ಹೇಳೋದಿಲ್ಲ, ಹೊರಿಸಿದವರು ಜಾರಿಕೊಂಡರು ಅಂತಲೂ ಹೇಳುತ್ತದೆ.

ಆವತ್ತಿನಿಂದ ಈ ಗುಂಪಿನ ಇಂಗ್ಲಿಷ್ ನುಡಿಗಟ್ಟುಗಳನ್ನು ನಾನು ಬೇರೆ ರೀತಿ ನೋಡುತ್ತೇನೆ. ನಿಘಂಟು ತೆಗೆದರೆ ಎಲ್ಲದಕ್ಕೂ ಹತ್ತಿರ ಹತ್ತಿರ ಒಂದೇ ಅರ್ಥ ಇರುತ್ತದೆ: ಬೇಡದ ಭಾರ, ಬೇಡದ ಹೊಣೆ. ಆದರೆ ಒಂದೊಂದೂ ಬೇರೆ ಬೇರೆ ಕಡೆಗೆ ಬೆರಳು ತೋರಿಸುತ್ತದೆ. ಒಂದು ಓಡಿಹೋದವನ ಕಡೆಗೆ, ಇನ್ನೊಂದು ವಸ್ತುವಿನ ಕಡೆಗೆ, ಮತ್ತೊಂದು ಹೊತ್ತವನ ಕಡೆಗೇ. ಆದ್ದರಿಂದ ಆರಿಸುವಾಗ ‘ಹೊರೆ ಎಷ್ಟು ಭಾರ’ ಅಂತ ಕೇಳಿಕೊಂಡರೆ ಸಾಲದು, ‘ಇದು ನನ್ನ ಮೇಲೆ ಹೇಗೆ ಬಂತು, ಯಾರಿಂದ ಬಂತು’ ಅಂತ ಮೊದಲು ಕೇಳಿಕೊಳ್ಳಿ.

ಯಾರೋ ಓಡಿಹೋದರೆ: ಬ್ಯಾಗ್, ಬೇಬಿ, ಲರ್ಚ್

‘ಲೆಫ್ಟ್ ಹೋಲ್ಡಿಂಗ್ ದ ಬ್ಯಾಗ್’ ಅಮೆರಿಕದಲ್ಲಿ ಜಾಸ್ತಿ ಕೇಳುವ ಮಾತು. ಹಳೆಯದೂ ಹೌದು. 1787ರಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂದ, ರಾಯಲ್ ಟೈಲರ್ ಬರೆದ ‘ದ ಕಾಂಟ್ರಾಸ್ಟ್’ ನಾಟಕದಲ್ಲಿ ಒಂದು ಪಾತ್ರ, ಜನರಲ್ ಶೇಸ್ ಮೆಲ್ಲಗೆ ಜಾರಿಕೊಂಡು ನಮ್ಮ ಕೈಗೆ ಚೀಲ ಕೊಟ್ಟುಹೋದ ಅನ್ನುತ್ತದೆ. ಡೇನಿಯಲ್ ಶೇಸ್ ಅಂದರೆ ಆಗಷ್ಟೇ ಮ್ಯಾಸಚೂಸೆಟ್ಸ್‌ನಲ್ಲಿ ಸಾಲ ಮತ್ತು ತೆರಿಗೆಯಿಂದ ನೊಂದ ರೈತರ ದಂಗೆಗೆ ಮುಂದಾಳಾಗಿದ್ದವನು. ದಂಗೆ ಮುರಿದ ಮೇಲೆ ಅವನು ತಪ್ಪಿಸಿಕೊಂಡ, ಹಿಂದೆ ಉಳಿದವರು ಸಿಕ್ಕಿಬಿದ್ದರು. ಈ ಮಾತಿನ ತಿರುಳು ಪೂರ್ತಿ ಅಲ್ಲೇ ಇದೆ ನೋಡಿ. ಎಲ್ಲರೂ ಸೇರಿ ಮಾಡಿದ್ದು, ಒಬ್ಬ ಮೆಲ್ಲಗೆ ಜಾರಿಕೊಂಡ, ಉಳಿದವನ ಕೈಯಲ್ಲಿ ಚೀಲ.

ಅಮೆರಿಕದಲ್ಲಿ ಹಳೆಯ ಚೇಷ್ಟೆಯೊಂದಿದೆ. ಹೊಸಬನೊಬ್ಬನನ್ನು ರಾತ್ರಿ ಕಾಡಿಗೆ ಕರೆದುಕೊಂಡು ಹೋಗಿ, ಕೈಗೆ ಖಾಲಿ ಚೀಲ ಕೊಟ್ಟು, ‘ನಾವು ಸ್ನೈಪ್ ಹಕ್ಕಿಗಳನ್ನು ಈ ಕಡೆ ಓಡಿಸುತ್ತೇವೆ, ನೀನು ಚೀಲದ ಬಾಯಿ ತೆರೆದು ಹಿಡಿದಿರು’ ಅಂತ ಹೇಳಿ ಎಲ್ಲರೂ ಮನೆಗೆ ಹೋಗಿ ಮಲಗುತ್ತಾರೆ. ಮಾತು ಈ ಚೇಷ್ಟೆಗಿಂತ ಹಿಂದಿನದು. ಆದರೂ ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದಿಲ್ಲ.

ಷೇರು ಪೇಟೆಯವರು ಇದರಿಂದಲೇ ‘ಬ್ಯಾಗ್‌ಹೋಲ್ಡರ್’ ಅನ್ನುವ ಪದ ಮಾಡಿಕೊಂಡಿದ್ದಾರೆ. ಬೆಲೆ ಮೇಲಿದ್ದಾಗ ಬೇರೆಯವರು ಮಾರಿ ಹೊರಟುಹೋದರು, ಬೆಲೆ ಕುಸಿದ ಷೇರನ್ನು ಹಿಡಿದುಕೊಂಡು ಕೂತವನು ಇವನು. ಇಲ್ಲಿ ನಿಮಗೆ ಮೋಸ ಮಾಡಿದವನು ಎದುರಿಗೆ ಇರಲೇಬೇಕು ಅಂತಿಲ್ಲ. ಆದರೆ ಯಾರೋ ಸರಿಯಾದ ಹೊತ್ತಿಗೆ ಹೊರಬಿದ್ದರು, ನೀವು ಬೀಳಲಿಲ್ಲ ಅನ್ನುವ ಭಾವ ಇದ್ದೇ ಇರುತ್ತದೆ.

ಬ್ರಿಟನ್ನಿನವರು ಅದೇ ಜಾಗದಲ್ಲಿ ‘ಲೆಫ್ಟ್ ಹೋಲ್ಡಿಂಗ್ ದ ಬೇಬಿ’ ಅನ್ನುತ್ತಾರೆ. ಒಂದೇ ಅರ್ಥ ಅಂತ ಎಲ್ಲರೂ ಹೇಳುತ್ತಾರೆ, ನನಗೆ ಪೂರ್ತಿ ಹಾಗೆ ಅನ್ನಿಸುವುದಿಲ್ಲ. ಚೀಲವನ್ನು ಕೆಳಗಿಟ್ಟು ನೀವೂ ಹೋಗಬಹುದು. ಮಗುವನ್ನು ಇಟ್ಟು ಹೋಗಲು ಬರುವುದಿಲ್ಲ, ಅದಕ್ಕೆ ದಿನವೂ ಏನಾದರೂ ಬೇಕು. ಆದ್ದರಿಂದ ತಪ್ಪಿನ ಹೊಣೆ, ಹಣದ ನಷ್ಟ ನಿಮ್ಮ ತಲೆಗೆ ಬಂದಿದ್ದರೆ ಬ್ಯಾಗ್ ಚೆನ್ನಾಗಿ ಹೊಂದುತ್ತದೆ. ಇನ್ನೂ ನೋಡಿಕೊಳ್ಳುತ್ತಲೇ ಇರಬೇಕಾದ ಕೆಲಸ, ಅಂದರೆ ಉಳಿದವರೆಲ್ಲ ಕೈಬಿಟ್ಟ ಸಂಘ, ಯಾರೂ ದಿಕ್ಕಿಲ್ಲದ ಯೋಜನೆ ನಿಮ್ಮ ಪಾಲಿಗೆ ಬಂದಿದ್ದರೆ ಬೇಬಿ. ಇದು ನಿಯಮ ಅಲ್ಲ, ನನ್ನ ಕಿವಿಯ ತೀರ್ಪು. ಕೇಳುವವರು ಅಮೆರಿಕದವರಾದರೆ ಬ್ಯಾಗ್, ಬ್ರಿಟನ್ನಿನವರಾದರೆ ಬೇಬಿ ಅಂತ ಇಟ್ಟುಕೊಂಡರೂ ತಪ್ಪೇನಿಲ್ಲ.

‘ಲೆಫ್ಟ್ ಇನ್ ದ ಲರ್ಚ್’ ಇವೆರಡರ ಪಕ್ಕದಲ್ಲೇ ಕೂರುತ್ತದೆ, ಅದಕ್ಕೇ ಗೊಂದಲ. ಫ್ರಾನ್ಸಿನ ಲೂರ್ಶ್ ಅನ್ನುವ ಹಳೆಯ ದಾಳದ ಆಟದಿಂದ ಬಂದದ್ದು. ಆಟದಲ್ಲಿ ತೀರಾ ಹಿಂದೆ ಬಿದ್ದವನ ಸ್ಥಿತಿ ಅದು. ಕನ್ನಡದಲ್ಲಿ ಇದಕ್ಕೆ ಅಳತೆ ಮಾಡಿಟ್ಟ ಹಾಗೆ ಒಂದು ಮಾತಿದೆ: ನಡುನೀರಿನಲ್ಲಿ ಕೈಬಿಡುವುದು. ಗಮನಿಸಿ, ನಡುನೀರಿನಲ್ಲಿ ನಿಂತವನ ತಲೆ ಮೇಲೆ ಹೊರೆ ಇಲ್ಲ, ಅವನಿಗೆ ಆಸರೆ ಇಲ್ಲ, ಅಷ್ಟೇ. ಬರುತ್ತೇನೆ ಅಂದವರು ಬರಲಿಲ್ಲ, ಸಹಾಯ ಮಾಡುತ್ತೇನೆ ಅಂದವರು ಫೋನ್ ಎತ್ತಲಿಲ್ಲ ಅಂದಾಗ ಲರ್ಚ್. ಅವರು ಬಿಟ್ಟುಹೋದದ್ದನ್ನು ನೀವು ತೀರಿಸಬೇಕಾಗಿ ಬಂದಾಗ ಬ್ಯಾಗ್.

ನನ್ನ ಆ ಮೇಲ್‌ಗೆ ಇವು ಮೂರೂ ಹೊಂದುತ್ತಿರಲಿಲ್ಲ. ‘ಐ ಟುಕ್ ಓವರ್’ ಅಂತ ಬರೆದಿದ್ದರೆ ಸಾಕಾಗಿತ್ತು. ಕಾಯಿಲೆ ಬಿದ್ದವರು ಯಾರಿಗೂ ಚೀಲ ಕೊಟ್ಟು ಓಡಿರುವುದಿಲ್ಲ, ಅಲ್ವಾ?

ಬಂದದ್ದು ಕೆಲಸವಲ್ಲ, ಅಪವಾದ ಅಂದರೆ

ಬೇರೆಯವರ ತಪ್ಪಿಗೆ ನೀವು ಬೈಸಿಕೊಂಡರೆ ಬ್ರಿಟಿಷರ ಮಾತು ‘ಕ್ಯಾರಿ ದ ಕ್ಯಾನ್’. ಸೈನಿಕರ ಬಾಯಿಂದ ಬಂದದ್ದು ಅನ್ನುತ್ತಾರೆ. ಇದರಲ್ಲಿ ಒಂದು ಒಳ್ಳೆಯ ಗುಣ ಇದೆ: ಹೊತ್ತವನಿಗೆ ಸ್ವಲ್ಪ ಗೌರವ ಉಳಿಯುತ್ತದೆ. ತಂಡದ ಮುಖ್ಯಸ್ಥ ತಾನೇ ಮುಂದೆ ಬಂದು ತಂಡದ ತಪ್ಪನ್ನು ಹೊತ್ತರೂ ಇದನ್ನೇ ಬಳಸಬಹುದು.

‘ಸ್ಕೇಪ್‌ಗೋಟ್’ನಲ್ಲಿ ಆ ಸ್ವಾತಂತ್ರ್ಯ ಇಲ್ಲ. ಮೇಕೆಯನ್ನು ಯಾರೂ ಒಪ್ಪಿಗೆ ಕೇಳಲಿಲ್ಲ. 1530ರಲ್ಲಿ ವಿಲಿಯಂ ಟಿಂಡೇಲ್ ಬೈಬಲಿನ ಮೊದಲ ಭಾಗಗಳನ್ನು ಇಂಗ್ಲಿಷಿಗೆ ತರುವಾಗ ಕಟ್ಟಿದ ಪದ ಇದು. ಆ ಕಥೆಯಲ್ಲಿ ಎರಡು ಮೇಕೆಗಳಿವೆ. ಒಂದನ್ನು ಬಲಿ ಕೊಡುತ್ತಾರೆ. ಇನ್ನೊಂದರ ತಲೆ ಮೇಲೆ ಇಡೀ ಜನರ ಪಾಪವನ್ನೆಲ್ಲ ಹೊರಿಸಿ ಮರುಭೂಮಿಗೆ ಅಟ್ಟುತ್ತಾರೆ. ಸ್ಕೇಪ್‌ಗೋಟ್ ಅಂದರೆ ಈ ಎರಡನೆಯದು. ಕನ್ನಡದಲ್ಲಿ ನಾವು ಇದಕ್ಕೆ ಬಲಿಪಶು ಅನ್ನುತ್ತೇವೆ, ನಿಜವಾಗಿ ನೋಡಿದರೆ ಅದು ಮೊದಲನೆಯ ಮೇಕೆ! ನನಗೆ ‘ತಲೆ ಮೇಲೆ ಗೂಬೆ ಕೂರಿಸಿದರು’ ಅನ್ನೋದೇ ಹತ್ತಿರ ಅನ್ನಿಸುತ್ತದೆ. ಇನ್ನು ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಅನ್ನುವ ಗಾದೆಯಲ್ಲಿ ಹೊರಿಸಿದವನ ದಡ್ಡತನ ಎದ್ದು ಕಾಣುತ್ತದೆ. ಸ್ಕೇಪ್‌ಗೋಟ್‌ನಲ್ಲಿ ದಡ್ಡತನ ಇಲ್ಲ. ಎಲ್ಲರೂ ಗೊತ್ತಿದ್ದೇ ಮಾಡುತ್ತಾರೆ, ಮಾಡಿ ಸಮಾಧಾನವಾಗಿ ಮನೆಗೆ ಹೋಗುತ್ತಾರೆ. ಅದಕ್ಕೇ ಇದು ಗಟ್ಟಿಯಾದ ಆರೋಪ, ಸಣ್ಣ ವಿಷಯಕ್ಕೆ ಬಳಸಬೇಡಿ.

‘ಪಾಸ್ ದ ಬಕ್’ ಇದೇ ಜಗಳವನ್ನು ಆಚೆ ಬದಿಯಿಂದ ಹೇಳುತ್ತದೆ. ಹೊತ್ತವನಲ್ಲ, ದಾಟಿಸಿದವನು ಇಲ್ಲಿ ಮುಖ್ಯ. 19ನೇ ಶತಮಾನದ ಅಮೆರಿಕದ ಪೋಕರ್ ಆಟದಲ್ಲಿ ಇಸ್ಪೀಟು ಹಂಚುವ ಸರದಿ ಯಾರದು ಅಂತ ತೋರಿಸಲು ಮುಂದಿಡುತ್ತಿದ್ದ ಗುರುತಿನ ವಸ್ತುವೇ ಬಕ್. ಸರದಿ ಬೇಡವಾದವನು ಅದನ್ನು ಪಕ್ಕದವನಿಗೆ ದಾಟಿಸುತ್ತಿದ್ದ. ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್‌ಗೆ 1945ರಲ್ಲಿ ಒಂದು ಫಲಕ ಉಡುಗೊರೆಯಾಗಿ ಬಂತು. ಒಕ್ಲಹೋಮಾದ ಎಲ್ ರೀನೋ ಊರಿನ ಸುಧಾರಣಾ ಸೆರೆಮನೆಯಲ್ಲಿ ಮಾಡಿದ್ದು. ‘ದ ಬಕ್ ಸ್ಟಾಪ್ಸ್ ಹಿಯರ್’, ಅಂದರೆ ಇದು ಇಲ್ಲಿಂದ ಮುಂದೆ ದಾಟುವುದಿಲ್ಲ. ಅದನ್ನು ಅವರು ಮೇಜಿನ ಮೇಲೆ ಇಟ್ಟುಕೊಂಡಿದ್ದರು. 1953ರ ಬೀಳ್ಕೊಡುಗೆ ಭಾಷಣದಲ್ಲೂ ಅಧ್ಯಕ್ಷನಾದವನು ಬಕ್ ಅನ್ನು ಯಾರಿಗೂ ದಾಟಿಸುವ ಹಾಗಿಲ್ಲ ಅಂದರು. ನೀವು ದೂರು ಬರೆಯುತ್ತಿದ್ದರೆ, ನನಗೆ ಏನಾಯಿತು ಅನ್ನೋದಕ್ಕಿಂತ ಅವರು ಏನು ಮಾಡಿದರು ಅನ್ನೋದು ಮುಖ್ಯವಾದರೆ, ಬ್ಯಾಗ್ ಬಿಟ್ಟು ಬಕ್ ಹಿಡಿಯಿರಿ.

ಯಾರೂ ಓಡಿಹೋಗಿಲ್ಲ, ವಸ್ತುವೇ ಹೊರೆ: ಬಿಳಿ ಆನೆ

‘ವೈಟ್ ಎಲಿಫೆಂಟ್’ ಕನ್ನಡಕ್ಕೂ ಬಂದು ನೆಲೆಸಿದೆ. ಬಿಳಿ ಆನೆ ಸಾಕಿದ ಹಾಗೆ ಅನ್ನುತ್ತೇವೆ. ಆದರೆ ಕನ್ನಡದಲ್ಲಿ ಸುಮ್ನೆ ಖರ್ಚು ಜಾಸ್ತಿ ಆದರೂ ಬಿಳಿ ಆನೆ ಅಂದುಬಿಡುತ್ತಾರೆ. ಇಂಗ್ಲಿಷಿನಲ್ಲಿ ಮೂರು ಸಂಗತಿ ಒಟ್ಟಿಗೆ ಇದ್ದರೆ ಇದು ಸರಿಯಾಗಿ ಕೂರುತ್ತದೆ. ನೋಡಲು ದೊಡ್ಡಸ್ತಿಕೆ ಇರಬೇಕು, ಸಾಕಲು ಖರ್ಚಾಗಬೇಕು, ಉಪಯೋಗ ಇಲ್ಲದಿರಬೇಕು. ಖರ್ಚಾದರೂ ಉಪಯೋಗಕ್ಕೆ ಬರುವ ಯಂತ್ರ ಬಿಳಿ ಆನೆ ಅಲ್ಲ. ಉಪಯೋಗವಿಲ್ಲದಿದ್ದರೂ ಮೂಲೆಯಲ್ಲಿ ಬಿದ್ದಿರುವ ಹಳೆಯ ಕುರ್ಚಿಯೂ ಅಲ್ಲ, ಅದು ಏನನ್ನೂ ತಿನ್ನುವುದಿಲ್ಲ.

ಎಲ್ಲರೂ ಹೇಳುವ ಕಥೆ ಗೊತ್ತಿರಬಹುದು. ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ರಾಜ ತನಗೆ ಆಗದ ದರ್ಬಾರಿಗಳಿಗೆ ಬಿಳಿ ಆನೆ ಉಡುಗೊರೆ ಕೊಡುತ್ತಿದ್ದನಂತೆ, ಪವಿತ್ರವಾದ್ದರಿಂದ ದುಡಿಸುವ ಹಾಗಿಲ್ಲ, ರಾಜ ಕೊಟ್ಟದ್ದರಿಂದ ಮಾರುವ ಹಾಗಿಲ್ಲ, ಸಾಕಿ ಸಾಕಿ ಮನೆ ಹಾಳು. ಈ ಕಥೆಯನ್ನು ಇತಿಹಾಸ ಅಂತ ಹೇಳಬೇಡಿ. ಅಲ್ಲಿ ಬಿಳಿ ಆನೆ ಅರಸೊತ್ತಿಗೆಯ ದೊಡ್ಡ ಗೌರವ. ಸಯಾಮಿನ ಹಳೆಯ ಬಾವುಟದ ಮೇಲೆ ಅದೇ ಇತ್ತು, 1861ರಲ್ಲಿ ಶುರುವಾದ ಬಿಳಿ ಆನೆಯ ಹೆಸರಿನ ಪದಕವನ್ನು ಥಾಯ್ಲೆಂಡಿನಲ್ಲಿ ಈಗಲೂ ಕೊಡುತ್ತಾರೆ. ಅಷ್ಟು ಆದರದ ಪ್ರಾಣಿಯನ್ನು ಶತ್ರುವಿಗೆ ದಾನ ಕೊಡುತ್ತಿದ್ದರು ಅಂದರೆ ನಂಬುವುದು ಕಷ್ಟ. ಥಾಯ್ಲೆಂಡಿನವರ ಜೊತೆ ಮಾತಾಡುವಾಗ ಈ ನುಡಿಗಟ್ಟನ್ನು ಬಿಟ್ಟುಬಿಡುವುದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ.

ಬಿಳಿ ಆನೆಗೆ ಒಪ್ಪುವ ಉದಾಹರಣೆ ಬೇಕಾದರೆ ಕೆನಡಾದ ಮಾಂಟ್ರಿಯಲ್‌ನ ಒಲಿಂಪಿಕ್ ಕ್ರೀಡಾಂಗಣ. 1976ರ ಕ್ರೀಡಾಕೂಟಕ್ಕೆ ಕಟ್ಟಿದ್ದು. ಅದರ ಸಾಲ ಪೂರ್ತಿ ತೀರಿದ್ದು 2006ರಲ್ಲಿ, 30 ವರ್ಷ ಆದ ಮೇಲೆ. ದುಂಡಗಿನ ಆಕಾರಕ್ಕೆ ‘ಬಿಗ್ ಓ’ (Big O) ಅಂತ ಕರೆಯುತ್ತಿದ್ದ ಜನ, ಸಾಲ ಅನ್ನುವ ಅರ್ಥ ಬರುವ ಹಾಗೆ ಕಾಗುಣಿತ ತಿರುಗಿಸಿ ‘ಬಿಗ್ ಓ’ (Big Owe) ಅಂತ ಬರೆದರು. ಉಚ್ಚಾರಣೆ ಒಂದೇ, ಅರ್ಥ ದೊಡ್ಡ ಬಾಕಿ.

ಕೊರಳಿಗೆ ಬಿದ್ದದ್ದು: ಆಲ್ಬಟ್ರಾಸ್ ಮತ್ತು ಬೀಸುವ ಕಲ್ಲು

ಜನ ಜಾಸ್ತಿ ಎಡವುವುದು ಇಲ್ಲೇ. ಎರಡೂ ಕೊರಳಿಗೆ ನೇತುಬೀಳುತ್ತವೆ, ಎರಡೂ ಬೇಗ ಬಿಡುವುದಿಲ್ಲ.

ಆಲ್ಬಟ್ರಾಸ್ ಬಂದದ್ದು ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ಮುದಿ ನಾವಿಕನ ಕಥನಕವನದಿಂದ. ಹಡಗಿನ ಜೊತೆಗೆ ಹಾರಿ ಬರುತ್ತಿದ್ದ, ಯಾರಿಗೂ ಕೇಡು ಮಾಡದ ದೊಡ್ಡ ಕಡಲಹಕ್ಕಿಯನ್ನು ನಾವಿಕ ಕಾರಣವೇ ಇಲ್ಲದೆ ಅಡ್ಡಬಿಲ್ಲಿನಿಂದ ಹೊಡೆದು ಕೊಲ್ಲುತ್ತಾನೆ. ಗಾಳಿ ನಿಲ್ಲುತ್ತದೆ, ಹಡಗು ನಿಲ್ಲುತ್ತದೆ, ಸುತ್ತ ನೀರಿದ್ದರೂ ಕುಡಿಯಲು ಹನಿ ಇಲ್ಲ. ಜೊತೆಯವರು ಸತ್ತ ಹಕ್ಕಿಯನ್ನು ಶಿಲುಬೆಯ ಬದಲು ಅವನ ಕೊರಳಿಗೆ ಕಟ್ಟುತ್ತಾರೆ. ಅದು ಕಳಚಿ ಬೀಳುವುದು ಯಾವಾಗ ಗೊತ್ತಾ? ನೀರಿನಲ್ಲಿ ಆಡುವ ಹಾವುಗಳನ್ನು ನೋಡಿ ಅವನ ಮನಸ್ಸು ತುಂಬಿ, ತನಗೇ ಗೊತ್ತಿಲ್ಲದೆ ಅವನ್ನು ಹರಸಿದಾಗ. ಅಂದರೆ ಈ ಹೊರೆ ಬೇರೆ ಯಾರೂ ತಂದದ್ದಲ್ಲ, ಇವನ ಕೈಯಿಂದಲೇ ಆದದ್ದು. ‘ಮಾಡಿದ್ದುಣ್ಣೋ ಮಹಾರಾಯ’ ಅನ್ನುವ ಮಾತಿನ ನೆರಳು ಇದರ ಹಿಂದೆ ಇದೆ. ಹಳೆಯ ತಪ್ಪು ನಿರ್ಧಾರ, ಆವತ್ತು ಆಡಿದ ಮಾತು, ಹಟದಿಂದ ಕೊಂಡ ಕಂಪನಿ, ವರ್ಷಗಳಾದರೂ ಜನ ಮರೆಯಲು ಬಿಡದ ಸಂಗತಿ ಇದ್ದರೆ ಆಲ್ಬಟ್ರಾಸ್. ಈಗೀಗ ಇಂಗ್ಲಿಷ್ ಪತ್ರಿಕೆಗಳಲ್ಲೇ ಈ ತಪ್ಪಿನ ಎಳೆ ಸಡಿಲವಾಗಿದೆ, ಬಿಡದ ಭಾರ ಯಾವುದಕ್ಕೂ ಬಳಸುತ್ತಾರೆ. ಆದರೂ ಎದುರಿಗಿರುವವರಿಗೆ ಆ ಕವನ ಗೊತ್ತಿದ್ದರೆ ನೀವು ಆಡದ ಆರೋಪವೂ ಅವರಿಗೆ ಕೇಳಿಸುತ್ತದೆ. ಹೆತ್ತವರ ಆಸ್ಪತ್ರೆ ಖರ್ಚಿನಿಂದ ಸಾಲ ಮಾಡಿಕೊಂಡ ಗೆಳತಿಗೆ ‘ಅದೊಂದು ಆಲ್ಬಟ್ರಾಸ್’ ಅನ್ನಬೇಡಿ.

ಅವಳ ಸಾಲಕ್ಕೆ ‘ಮಿಲ್‌ಸ್ಟೋನ್ ಅರೌಂಡ್ ದ ನೆಕ್’ ಅನ್ನಿ. ಕೊರಳಿಗೆ ಬೀಸುವ ಕಲ್ಲು. ಇದು ಬೈಬಲಿನ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಅಲ್ಲಿ ಅದು ಪಾಪದ ಶಿಕ್ಷೆಯ ಮಾತಾಗಿಯೇ ಬರುತ್ತದೆ, ಆದರೆ ಬಳಸಿ ಬಳಸಿ ಆ ಬಣ್ಣ ಪೂರ್ತಿ ಹೋಗಿ ಈಗ ಉಳಿದಿರುವುದು ತೂಕ ಮಾತ್ರ. ತೀರದ ಸಾಲ, ಬಡ್ಡಿ, ಮುಗಿಯದ ಕರಾರು, ಇಂಥ ದಿನದಿನವೂ ಕೆಳಕ್ಕೆ ಎಳೆಯುವುದಕ್ಕೆಲ್ಲ ಇದು ಸರಿ, ಯಾರನ್ನೂ ದೂರುವುದಿಲ್ಲ.

ಭಾರವನ್ನು ಒಪ್ಪಿಕೊಂಡು ಹೊರುತ್ತಿದ್ದೀರಿ ಅಂದರೆ ‘ಕ್ರಾಸ್ ಟು ಬೇರ್’ ಇದೆ. ಇದನ್ನು ನಿಮ್ಮ ಬಗ್ಗೆ ಹೇಳಿಕೊಳ್ಳಿ. ಬೇರೆಯವರ ಕಷ್ಟಕ್ಕೆ ‘ಅದು ನಿನ್ನ ಶಿಲುಬೆ’ ಅಂದರೆ, ನನಗೇನೂ ಸಂಬಂಧವಿಲ್ಲ ಅಂದ ಹಾಗೆ ಕೇಳಿಸುತ್ತದೆ.

ಇನ್ನೂ ಕೈಬದಲಾಗುತ್ತಿದ್ದರೆ

‘ಹಾಟ್ ಪೊಟೇಟೊ’ಗೆ ಕನ್ನಡದಲ್ಲಿ ಬಿಸಿ ತುಪ್ಪ ಅಂತ ಅನುವಾದ ಮಾಡುವುದನ್ನು ನೋಡುತ್ತಲೇ ಇರುತ್ತೇನೆ. ಇದು ಸರಿಯಲ್ಲ. ಬಿಸಿ ತುಪ್ಪ ಆಗಲೇ ಬಾಯೊಳಗಿದೆ. ನುಂಗಲೂ ಆಗದು, ಉಗುಳಲೂ ಆಗದು. ಬಿಸಿ ಆಲೂಗಡ್ಡೆ ಕೈಯಲ್ಲಿದೆ, ಪಕ್ಕದವನ ಕೈಗೆ ಎಸೆಯಬಹುದು, ಎಲ್ಲರೂ ಎಸೆಯುತ್ತಾರೆ. ಒಂದು ಇಲಾಖೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ತಿರುಗುತ್ತಿರುವ ಸೂಕ್ಷ್ಮ ವಿಷಯ ಹಾಟ್ ಪೊಟೇಟೊ. ನಿಮ್ಮಲ್ಲೇ ಸಿಕ್ಕಿಹಾಕಿಕೊಂಡ ಮೇಲೆ ಅದು ಬಿಸಿ ತುಪ್ಪ.

ರಗ್ಬಿ ಆಟದಿಂದ ಬಂದ ‘ಹಾಸ್ಪಿಟಲ್ ಪಾಸ್’ ನನಗೆ ತುಂಬಾ ಇಷ್ಟ. ಎದುರಾಳಿ ಮೈಮೇಲೆ ಬೀಳಲು ಇನ್ನೇನು ಒಂದು ಹೆಜ್ಜೆ ಇದ್ದಾಗ ನಿಮ್ಮವನೇ ನಿಮಗೆ ಚೆಂಡು ಕೊಡುತ್ತಾನೆ, ನೀವು ಆಸ್ಪತ್ರೆಗೆ. ನಾಳೆ ಬೀಳಲಿರುವ ಯೋಜನೆಯನ್ನು ಇವತ್ತು ಸಂಜೆ ನಿಮ್ಮ ಹೆಸರಿಗೆ ಬರೆದರೆ ಇದು. ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾದವರಿಗೆ ತಕ್ಷಣ ಅರ್ಥ ಆಗುತ್ತದೆ, ಅಮೆರಿಕದವರಿಗೆ ವಿವರಿಸಬೇಕಾಗಬಹುದು.

‘ಪಾಯ್ಸನ್ಡ್ ಚಾಲಿಸ್’ ಅದಕ್ಕಿಂತ ನಾಜೂಕು. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ತಾನು ಇನ್ನೊಬ್ಬನಿಗೆ ಬೆರೆಸಿದ ವಿಷದ ಬಟ್ಟಲು ತನ್ನ ತುಟಿಗೇ ಬರುತ್ತದೆ ಅಂತ ಹೆದರುತ್ತಾನೆ. ಈಗಿನ ಬಳಕೆಯಲ್ಲಿ ಅರ್ಥ ಬದಲಾಗಿದೆ. ಹೊರಗಿನಿಂದ ಬಹುಮಾನದ ಹಾಗೆ ಕಾಣುವ, ಒಳಗೆ ನಾಶ ಇರುವ ಹುದ್ದೆ. ಮುಳುಗುತ್ತಿರುವ ಸಂಸ್ಥೆಗೆ ಮುಖ್ಯಸ್ಥರಾಗಿ ಅಂತ ಕರೆಯುವುದು. ಇಂಥ ಹೊತ್ತಿನಲ್ಲಿ ಹೆಂಗಸರನ್ನು ಮುಂದೆ ನಿಲ್ಲಿಸುವುದು ಹೆಚ್ಚು ಅಂತ 2005ರಲ್ಲಿ ಮಿಶೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ ಬ್ರಿಟನ್ನಿನ ದೊಡ್ಡ ಕಂಪನಿಗಳನ್ನು ನೋಡಿ ತೋರಿಸಿದರು, ಅದಕ್ಕೆ ‘ಗ್ಲಾಸ್ ಕ್ಲಿಫ್’ ಅಂತ ಹೆಸರಿಟ್ಟರು. ಹುದ್ದೆಯ ಬಗ್ಗೆ ಹೇಳುವುದಾದರೆ ಚಾಲಿಸ್, ಯಾರನ್ನು ಆರಿಸಿದರು ಅನ್ನುವುದರ ಬಗ್ಗೆ ಆದರೆ ಕ್ಲಿಫ್.

‘ಮಂಕಿ ಆನ್ ದ ಬ್ಯಾಕ್’ ಬಗ್ಗೆ ಎಚ್ಚರ. ಅಮೆರಿಕದಲ್ಲಿ ಇದಕ್ಕೆ ಚಟದ ಅರ್ಥ ಗಟ್ಟಿಯಾಗಿದೆ, ಅದರಲ್ಲೂ ಮಾದಕ ವಸ್ತುವಿನ ಚಟ. ಆಫೀಸಿನಲ್ಲಿ ಮಾತ್ರ ಕೋತಿಗೆ ಬೇರೆ ಕಥೆ ಇದೆ. 1974ರಲ್ಲಿ ವಿಲಿಯಂ ಆಂಕನ್ ಮತ್ತು ಡೊನಾಲ್ಡ್ ವಾಸ್ ಒಂದು ಲೇಖನ ಬರೆದರು. ಕೈಕೆಳಗಿನವರು ‘ಸರ್, ಒಂದು ಸಮಸ್ಯೆ ಇದೆ’ ಅಂತ ಬರುತ್ತಾರೆ, ಮ್ಯಾನೇಜರ್ ‘ಯೋಚನೆ ಮಾಡಿ ಹೇಳುತ್ತೇನೆ’ ಅನ್ನುತ್ತಾರೆ, ಅಷ್ಟರಲ್ಲಿ ಕೋತಿ ಅವರ ಬೆನ್ನಿನಿಂದ ಇವರ ಬೆನ್ನಿಗೆ ಹಾರಿ ಆಗಿದೆ. ಯಾರೂ ಮೋಸ ಮಾಡಲಿಲ್ಲ, ಯಾರೂ ಓಡಲಿಲ್ಲ. ಒಳ್ಳೆಯತನದಿಂದ ಬಂದ ಹೊರೆಗೆ ಇಂಗ್ಲಿಷಿನಲ್ಲಿ ಇದಕ್ಕಿಂತ ಚೆನ್ನಾದ ಚಿತ್ರ ನಾನು ಕಂಡಿಲ್ಲ.

ಉಳಿದವು ಬೇಗ ಮುಗಿಯುತ್ತವೆ. ‘ಫುಟ್ ದ ಬಿಲ್’ ಅಂದರೆ ಹಣ ಕೊಡುವುದು, ಲೆಕ್ಕದ ಕೆಳಗೆ, ಅಂದರೆ ಪಾದದಲ್ಲಿ, ಮೊತ್ತ ಬರೆಯುವುದರಿಂದ ಬಂದದ್ದು. ‘ಪಿಕ್ ಅಪ್ ದ ಟ್ಯಾಬ್’ ಕೂಡ ಅದೇ. ಎರಡರಲ್ಲೂ ಕಹಿ ಇರಲೇಬೇಕು ಅಂತಿಲ್ಲ, ಖುಷಿಯಿಂದಲೂ ಕೊಡಬಹುದು. ‘ಸ್ಯಾಡಲ್ಡ್ ವಿತ್’ ಅಂದರೆ ಕುದುರೆಗೆ ಜೀನು ಬಿಗಿದ ಹಾಗೆ ಹೊರೆ ಬೆನ್ನಿಗೆ ಬೀಳುವುದು, ಇದು ಎಲ್ಲಿ ಬೇಕಾದರೂ ನಡೆಯುತ್ತದೆ, ಬರಹದಲ್ಲೂ ಸರಿ, ಸಾಲಕ್ಕಂತೂ ತುಂಬಾ ಸರಿ. ‘ಲಂಬರ್ಡ್ ವಿತ್’ ಬ್ರಿಟಿಷರ ಆಡುಮಾತು, ಬೇಡದ ಸಾಮಾನು ತುಂಬಿಕೊಂಡ ಹಾಗೆ ಬೇಡದ ಕೆಲಸ ತುಂಬಿಕೊಂಡದ್ದು. ಅಮೆರಿಕದವರಿಗೆ ಲಂಬರ್ ಅಂದರೆ ಮರದ ಹಲಗೆ, ಅವರೆದುರು ಬೇಡ.

ಒಂದೇ ಹೊರೆ, ಮೂರು ಮಾತು

ಗೆಳೆಯನ ಸಾಲಕ್ಕೆ ನೀವು ಜಾಮೀನು ನಿಂತಿದ್ದೀರಿ ಅಂದುಕೊಳ್ಳಿ. ಅವನು ಕಂತು ನಿಲ್ಲಿಸಿ ಊರು ಬಿಟ್ಟ. ಬ್ಯಾಂಕಿನಿಂದ ನಿಮಗೆ ಫೋನ್ ಬಂದ ದಿನ ನೀವು ‘ಲೆಫ್ಟ್ ಹೋಲ್ಡಿಂಗ್ ದ ಬ್ಯಾಗ್’. ಓಡಿದವನು ಇದ್ದಾನೆ, ಬೆರಳು ಅವನ ಕಡೆಗೇ ಇರಲಿ. ಮೂರು ವರ್ಷ ಕಳೆಯಿತು, ಅವನ ಸುದ್ದಿ ಇಲ್ಲ, ನೀವು ತಿಂಗಳು ತಿಂಗಳು ಕಟ್ಟುತ್ತಲೇ ಇದ್ದೀರಿ. ಈಗ ಅದು ‘ಮಿಲ್‌ಸ್ಟೋನ್’. ಇಲ್ಲಿ ಬ್ಯಾಗ್ ಅಂದರೆ ಇನ್ನೂ ಆವತ್ತಿನ ಮೋಸದ ಬಗ್ಗೆಯೇ ಮಾತಾಡುತ್ತಿದ್ದೀರಿ ಅಂತ ಆಗುತ್ತದೆ. ಇನ್ನೊಂದು ಸಾಧ್ಯತೆ ಇದೆ. ಸಹಿ ಹಾಕಬೇಡ ಅಂತ ಮನೆಯವರು ಬೇಡಿಕೊಂಡಿದ್ದರು, ನೀವು ಕೇಳಲಿಲ್ಲ, ಆ ಸಹಿ ಈಗಲೂ ಪ್ರತಿ ಮಾತಿನಲ್ಲಿ ಎದುರಾಗುತ್ತದೆ. ಆಗ ಅದನ್ನು ‘ಮೈ ಆಲ್ಬಟ್ರಾಸ್’ ಅಂತ ಕರೆಯಬಹುದು. ಆದರೆ ಆ ಮಾತು ನಿಮ್ಮ ಬಾಯಿಂದ ಬರಬೇಕು. ನಿಮ್ಮ ಪಕ್ಕ ಕೂತವರು ಅದನ್ನು ಮಿಲ್‌ಸ್ಟೋನ್ ಅಂತಲೇ ಕರೆಯಲಿ.